ಎರಡು ಪಾಯಿಂಟ್ ಸೊನ್ನೆ ನಾಲ್ಕು ಎಂಟು

ಜೂನ್ 30, ಸೋಮವಾರ

ಇವತ್ತಿನಿಂದ ಕನ್ನಡಕ ತೆಗೆದಿಟ್ಟು ದಿನಾ ಒಂದಷ್ಟು ಬರೆಯುವುದೆಂದು ತೀರ್ಮಾನಿಸಿದ್ದೇನೆ. ಅರವತ್ತಾರನೇ ವಯಸ್ಸಿನಲ್ಲಿ ಸಾಹಿತಿಯಾಗುವ ಹುಚ್ಚು ಹಿಡಿದಿಲ್ಲ. ಅಕ್ಷರ ಗೆರೆಯ ಮೇಲೆ ಕೂತರೆ ಕಣ್ಣು ಸರಿಯಿದೆ, ಗೆರೆ ಬಿಟ್ಟು ಜಾರಿದರೆ ಕಣ್ಣೂ ಜಾರುತ್ತಿದೆ ಎಂದು ತಿಳಿಯಬಹುದು. ಮೂವತ್ತನಾಲ್ಕು ವರ್ಷ ಟೆಲಿಫೋನ್ ಇಲಾಖೆಯಲ್ಲಿ ಊರವರ ಲೈನ್ ಪರೀಕ್ಷೆ ಮಾಡಿದವನು ಈಗ ಸ್ವಂತ ಲೈನ್ ಪರೀಕ್ಷೆ ಮಾಡಿಕೊಳ್ಳುತ್ತಿದ್ದೇನೆ.

ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಡಾ. ಉಮಾಶ್ರೀ ನನ್ನ ಕಣ್ಣಿನ ಒಳಗಿನ ಚಿತ್ರ ತೋರಿಸಿದರು. ಬಲಗಣ್ಣಿನ ನರದ ತಲೆಯಲ್ಲಿ ಒಂದು ತಗ್ಗು ಇದೆಯಂತೆ, ಇರಬೇಕಾದ್ದಕ್ಕಿಂತ ದೊಡ್ಡದು.

"ಇದು ಮೊದಲಿಂದ ಇಷ್ಟ ಇತ್ತೋ, ಈಗ ಬೆಳಿಯಾಕತ್ತೈತೋ, ಒಂದ ಚಿತ್ರ ನೋಡಿ ಹೇಳಾಕ ಬರೂದಿಲ್ರಿ. ಬೆಳಿಯಾಕತ್ತಿದ್ರ ಆಪರೇಷನ್ ಬೇಕಾಗ್ತದ. ಹಳೇ ಚಿತ್ರ ಏನರ ಅದಾವೇನು ನಿಮ್ಮ ಹತ್ರ?"

ನೋಡುತ್ತೇನೆ ಅಂದೆ. ಆಗಸ್ಟ್ ಮೊದಲ ವಾರ ನಿರ್ಧಾರ ಮಾಡೋಣ ಅಂದರು. ಎದ್ದು ಬಾಗಿಲ ತನಕ ಹೋಗಿದ್ದೆ, ಮತ್ತೆ ಕರೆದರು. ಧಾರವಾಡದ ಈ ಕಟ್ಟಡವನ್ನು ಜುಲೈ 31ಕ್ಕೆ ಬಿಟ್ಟುಕೊಡಬೇಕು, ಆಸ್ಪತ್ರೆ ಪೂರ್ತಿ ಹುಬ್ಬಳ್ಳಿಗೆ ಹೋಗುತ್ತದೆ. ರೋಗಿಗಳ ಹಳೇ ಚಿತ್ರಗಳೆಲ್ಲ ಟೇಪುಗಳಲ್ಲಿವೆ, ಅವನ್ನು ಹುಬ್ಬಳ್ಳಿಗೆ ಲೈನಿನ ಮೇಲೆ ಕಳಿಸಬೇಕು. ಗಟಾರ ಅಗೆಯುವವರು ಫೈಬರ್ ಕತ್ತರಿಸಿ ಹೋಗಿದ್ದಾರೆ, ಖಾಲಿಯಾಗುವ ಕಟ್ಟಡಕ್ಕೆ ಯಾರೂ ಹೊಸದು ಎಳೆದು ಕೊಡುವುದಿಲ್ಲ. ಉಳಿದಿರುವುದು ಮಾಳಿಗೆಯ ಮೇಲಿನ ಹಳೇ ತಟ್ಟೆ, ಅಂದರೆ ಮೈಕ್ರೋವೇವ್ ಆಂಟೆನಾ. ಅದನ್ನು 1999ರಲ್ಲಿ ಕೂರಿಸಿದವನು ನಾನೇ, ಅದು ಗೊತ್ತಿದ್ದೇ ಈ ಕೆಲಸ ಮಾಡಿಕೊಡುತ್ತೀರಾ ಎಂದು ಕೇಳಿದರು.

ಒಲ್ಲೆ ಅನ್ನಲು ಬಾಯಿ ತೆರೆದೆ, ಹೂಂ ಎಂದು ಹೊರಗೆ ಬಂತು. ನನಗೆ ಜನರ ನಡುವೆ ಕೆಲಸ ಮಾಡುವ ಚಟ ಬಿಟ್ಟು ಆರು ವರ್ಷವಾಯಿತು. ಮದುವೆಯಾಗದೆ ಉಳಿದವನು, ಬಾಡಿಗೆ ಮನೆ, ಒಂದು ರೇಡಿಯೋ, ಆರಾಮಾಗಿದ್ದೆ.

ಜುಲೈ 1, ಮಂಗಳವಾರ

ಟೇಪಿನ ಕೋಣೆ ನೋಡಿದೆ. ಅಲ್ಲಿಯ ಒಡತಿ ರಾಜಬಿ ಎಂಬುವರು, ಐವತ್ತೆಂಟರ ಆಸುಪಾಸು, ಹಳೇ ಹುಬ್ಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಚಪ್ಪಲಿ ಹೊರಗೆ ಬಿಡಿಸಿದರು. ಕಪಾಟಿನಲ್ಲಿ ನಲವತ್ತೆಂಟು ಟೇಪು, 2003ರಿಂದ 2014ರವರೆಗೆ, ವರ್ಷಕ್ಕೆ ನಾಲ್ಕು. ಒಂದೊಂದರಲ್ಲಿ ಇಪ್ಪತ್ತು ಜಿಬಿ. ಯಾರ ಚಿತ್ರ ಯಾವ ಟೇಪಿನಲ್ಲಿದೆ ಎಂಬ ಪಟ್ಟಿ ಒಂದು ಕಂಪ್ಯೂಟರಿನಲ್ಲಿತ್ತು, ಆ ಕಂಪ್ಯೂಟರು ಸತ್ತಿದೆ.

ಒಂದು ಡಿಸ್ಕಿಗೆ ತುಂಬಿ ಬಸ್ಸಿನಲ್ಲಿ ಒಯ್ಯಬಾರದೇ ಎಂದು ಕೇಳಿದೆ.

"ಒಮ್ಮೆ ಒಬ್ಬ ಡಾಕ್ಟರು ಪೆನ್ ಡ್ರೈವ್ ಕಳಕೊಂಡಾರ್ರಿ ಸಾಹೇಬ್ರ. ಅವತ್ತಿಂದ ರೋಗಿಗಳ ಚಿತ್ರ ಕಿಸೆದಾಗ ಹೊರಗ ಹೋಗಂಗಿಲ್ಲ ಅಂತ ಕಾನೂನ ಮಾಡ್ಯಾರ."

"ಟೇಪು ಓದೋ ಮಷೀನ ಒಯ್ದ್ರ?"

"ಹೋದ ವರ್ಷ ಬರೇ ಮೇಜು ಸರಿಸಿದ್ದಕ್ಕ ಎಂಟು ದಿನ ಸಿಟ್ಟು ಮಾಡಿತ್ರಿ ಇದು. ಹುಬ್ಬಳ್ಳಿತನಕ ಜಗ್ಗಾಡಿದ್ರ ಇದರ ಕತಿ ಮುಗದಂಗ."

ಮಷೀನಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಾರೆ. ನಮ್ಮ ಇಲಾಖೆಯ ಗೋದಾಮು ಕಾಯುವವರೂ ಸಾಮಾನನ್ನು ಹೀಗೇ ಮಕ್ಕಳಂತೆ ಸಾಕುತ್ತಿದ್ದರು.

ಜುಲೈ 3, ಗುರುವಾರ

ಎರಡು ದಿನ ಮಾಳಿಗೆಯ ಮೇಲೆ ಕಳೆದೆ. ತಟ್ಟೆ ಗಟ್ಟಿಯಾಗಿದೆ. ಒಳಗಿನ ಎಂಟು ಲೈನೂ ಜೀವಂತ! ಇಪ್ಪತ್ತಾರು ವರ್ಷದ ಹಿಂದೆ ನಾನು ಬಿಗಿದ ತಿರುಪು ಒಂದೂ ಸಡಿಲಾಗಿಲ್ಲ. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಪಾರಿವಾಳಗಳಿಗೆ ಹೇಳಿದೆ.

ನಮ್ಮ ಫೋನಿನವರ ಲೆಕ್ಕ ಬೇರೆ, ಟೇಪಿನವರ ಲೆಕ್ಕ ಬೇರೆ. ನಾವು ಬಿಟ್ ಎಣಿಸುತ್ತೇವೆ, ಅವರು ಬೈಟ್. ಎಂಟು ಬಿಟ್ಟಿಗೆ ಒಂದು ಬೈಟ್. ನಾವು ಕಾಳು ಎಣಿಸಿದರೆ ಅವರು ಸೇರಿನಲ್ಲಿ ಅಳೆದಂತೆ. ಪಾಪ, ರಾಜಬಿಯವರು ಎಲ್ಲಿ ಕಾಳು ಎಣಿಸುತ್ತ ಕೂರುತ್ತಾರೆ ಎಂದು ನಾನೇ ಅವರ ಅಳತೆಗೆ ತಿರುಗಿಸಿ ಕೊಟ್ಟೆ. ಅದರಲ್ಲೊಂದು ಸೊಗಸಿದೆ. ನಮ್ಮ ಒಂದು ಲೈನೆಂದರೆ ಸೆಕೆಂಡಿಗೆ 2.048 ಮೆಗಾಬಿಟ್. ಎಂಟು ಲೈನು ಸೇರಿಸಿ, ಬೈಟಿಗೆ ತಿರುಗಿಸಲು ಎಂಟರಿಂದ ಭಾಗಿಸಿದರೆ ಮತ್ತೆ ಅದೇ 2.048, ಈಗ ಮೆಗಾಬೈಟ್. ಒಂದು ಚೀಟಿಯ ಮೇಲೆ ದೊಡ್ಡದಾಗಿ 2.048 ಎಂದು ಬರೆದು ಕೊಟ್ಟೆ. ಅವರೂ ಬಹಳ ಮರ್ಯಾದೆಯಿಂದ ಇಸಿದುಕೊಂಡರು.

ಜುಲೈ 4, ಶುಕ್ರವಾರ

ಕೆಟ್ಟ ಸುದ್ದಿ. ರಾಜಬಿ ಲೆಕ್ಕ ಹಾಕಿ ಡಾಕ್ಟರಿಗೆ ಒಪ್ಪಿಸಿದ್ದಾರೆ. ಒಂದು ಟೇಪು ಕಳಿಸಲು ಇಪ್ಪತ್ತೊಂದು ಗಂಟೆ ನಲವತ್ತೆರಡು ನಿಮಿಷ ಬೇಕಂತೆ. ದಿನಕ್ಕೆ ಒಂದೇ. ಸೋಮವಾರದಿಂದ ಭಾನುವಾರಗಳನ್ನೂ ಸೇರಿಸಿ ಇಪ್ಪತ್ನಾಲ್ಕು ದಿನ ಸಿಗುತ್ತದೆ, ಇಪ್ಪತ್ನಾಲ್ಕು ಟೇಪು. ಉಳಿದ ಅರ್ಧ ಹೋದಂತೆಯೇ.

ನನಗೆ ಆಶ್ಚರ್ಯವಾಯಿತು, ಆದರೆ ಬಾಯಿ ತೆರೆಯಲಿಲ್ಲ. ಹಳೇ ಟೇಪು, ಓದುವುದು ನಿಧಾನವಿರಬೇಕು, ಅವರ ಮಷೀನು ಅವರಿಗೆ ಗೊತ್ತು. ಇನ್ನೊಬ್ಬರ ಕೋಣೆಯಲ್ಲಿ ನಿಂತು ಅವರ ಲೆಕ್ಕ ಕೆದಕುವುದು ಸರಿಯಲ್ಲ.

ಡಾಕ್ಟರು, "ಹೊಸಾವು ಉಳಿಸೋಣ. 2003ರಿಂದ 2008ರ ಮಟ ಬಿಟ್ಟುಬಿಡೋಣ. ಹಂಗ ಒಗಿಯಾಕ ಬರೂದಿಲ್ಲ, ನಾಶ ಮಾಡಿ ಒಗೀಬೇಕು," ಅಂದರು.

ಮನೆಗೆ ಬಂದು ಪೆಟ್ಟಿಗೆಯಲ್ಲಿ ಹಳೇ ಕಾಗದ ಹುಡುಕಿದೆ. ಸಿಕ್ಕಿತು. ಇದೇ ಆಸ್ಪತ್ರೆಯ ರಸೀದಿ, ನವೆಂಬರ್ 2006. "ಕಣ್ಣಿನ ಚಿತ್ರ, ಎರಡೂ ಕಣ್ಣು." ಕನ್ನಡಕ ಬದಲಿಸಲು ಹೋದಾಗ ತೆಗೆದಿದ್ದರು, ನನಗೆ ನೆನಪೇ ಇರಲಿಲ್ಲ.

ಜುಲೈ 5, ಶನಿವಾರ

ರಾಜಬಿಯವರ ತಮ್ಮ ಶಾಬುದ್ದೀನ ತಾರಿಹಾಳದಲ್ಲಿ ವರ್ಕ್‌ಶಾಪ್ ಇಟ್ಟಿದ್ದಾನೆ. ಡ್ರಿಲ್ ಮಷೀನು ಹಿಡಿದು ಬಂದಿದ್ದ. ಟೇಪಿಗೆ ನಡುವೆ ತೂತು ಹೊಡೆದರೆ ಮುಗಿಯಿತು. ಆದರೆ ರಾಜಬಿ ಸುಮ್ಮನೆ ಹೊಡೆಯಲು ಬಿಡಲಿಲ್ಲ. ಒಂದೊಂದನ್ನೂ ಮಷೀನಿಗೆ ಹಾಕಿ ಮೊದಲಿನಿಂದ ಕೊನೆಯ ತನಕ ಸುತ್ತಿ, ತೆಗೆದು, ಸೆರಗಿನಿಂದ ಒರೆಸಿ, ಆಮೇಲೆ ಅವನ ಕೈಗೆ ಕೊಟ್ಟರು.

"ಅಕ್ಕಾ, ಒಗಿಯೂದಕ್ಕ ಇಷ್ಟ್ಯಾಕ ಉಪಚಾರ?" ಅಂದ ಶಾಬುದ್ದೀನ.

"ಹೋಗೂವಾಗ ನೆಟ್ಟಗ ಹೋಗ್ಲಿ ಬಿಡು. ಇಪ್ಪತ್ತು ವರ್ಷ ಸಾಕೇನಿ ಇವನ್ನ."

ಹೀಗೆ ಮಾಡಿದ್ದರಿಂದ ದಿನವೆಲ್ಲ ಸೇರಿ ಎರಡೇ ಆದವು, 2003ರ ಮೊದಲ ಎರಡು. ನಾನು ಮೂಲೆಯಲ್ಲಿ ಕೂತು ಚಹಾ ಕುಡಿದೆ. 2006ರ ನಾಲ್ಕು ಟೇಪು ನನ್ನ ಕಣ್ಣೆದುರಿಗೇ ಕಪಾಟಿನಲ್ಲಿದ್ದವು. ಒಂದು ಮಾತು ಕೇಳಬಹುದಿತ್ತು. ಆದರೆ ಸಾವಿರಾರು ಜನರದು ಹೋಗುವಾಗ ನನ್ನದೊಂದು ಉಳಿಸಿ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಹೆದರಿಕೆ ಆಗಿದೆ. ಇದು ನನಗಷ್ಟೇ ಬರೆದುಕೊಳ್ಳುವ ಪುಸ್ತಕ, ಇಲ್ಲಿ ಸುಳ್ಳು ಯಾಕೆ? ಬಹಳ ಹೆದರಿಕೆ ಆಗಿದೆ.

ಜುಲೈ 7, ಸೋಮವಾರ

ಮೊದಲ ಟೇಪು ಹತ್ತು ಗಂಟೆಗೆ ಹಚ್ಚಿದೆವು. ಉಳಿದ ತೂತು ಹೊಡೆಯುವ ಕೆಲಸ ನಿಂತಿದೆ, ಟೇಪು ಸುತ್ತುವ ಮಷೀನು ಇರುವುದೊಂದೇ, ಅದೀಗ ಕಳಿಸುವುದರಲ್ಲಿ ನಿರತ. ರಾಜಬಿ ಮೊಹರಮ್ಮಿನ ಚೊಂಗೆ ತಂದಿದ್ದರು. ಎರಡು ತಿಂದೆ. ಬೆಲ್ಲ ಚೆನ್ನಾಗಿತ್ತು.

ಒಂದು ಗಂಟೆಗೆ ಇನ್ನೂ ಹದಿನೇಳು ನಿಮಿಷ ಇದೆ ಎನ್ನುವಾಗ ಮಷೀನು ಟೇಪನ್ನು ಹೊರಗೆ ಉಗುಳಿತು.

"ಅಯ್ಯ, ನಡಬರಕ ಬಿಟ್ಟುಬಿಡ್ತರಿ ಇದು. ವಯಸ್ಸಾತು ಇದಕ್ಕ," ಎಂದು ರಾಜಬಿ ಮಷೀನಿನ ಬೆನ್ನು ಸವರಿದರು.

"ನಿಮ್ಮ ಮಷೀನಿಂದಲ್ರಿ, ನನ್ನ ಲೈನ್ ಕೈ ಕೊಟ್ಟಿರಬೇಕು," ಅಂದೆ ನಾನು.

ಇಬ್ಬರೂ ತಪ್ಪು ನನ್ನದೇ ಎಂದು ಜಗಳಾಡಿ, ಮತ್ತೆ ಅದೇ ಟೇಪು ಹಚ್ಚಿದೆವು.

ಜುಲೈ 8, ಮಂಗಳವಾರ

ಮತ್ತೆ ಹಾಗೇ. ಎರಡು ಗಂಟೆ ನಲವತ್ಮೂರು ನಿಮಿಷ, ಹೊರಗೆ. ಮೂರು ಸಲ ಹಚ್ಚಿದೆವು, ಮೂರು ಸಲವೂ ಅಷ್ಟೇ. ಎರಡು ದಿನ ಹಾಳು. ಮಾಳಿಗೆ ಹತ್ತಿ ಎಂಟೂ ಲೈನ್ ಪರೀಕ್ಷಿಸಿದೆ, ಒಂದೂ ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದರೆ ನನಗೆ ಊಟ ಸೇರುವುದಿಲ್ಲ.

ಜುಲೈ 9, ಬುಧವಾರ

ಹುಬ್ಬಳ್ಳಿಯ ಕಡೆಯವರಿಗೆ ಫೋನ್ ಮಾಡಿ ಎಷ್ಟು ಬಂದಿದೆ ಎಂದು ಕೇಳಿದೆ. ಇಪ್ಪತ್ತು ಜಿಬಿ, ಪೂರ್ತಿ, ಒಂದು ಚಿತ್ರವೂ ಕಡಿಮೆಯಿಲ್ಲ, ಅದನ್ನೇ ಯಾಕೆ ಪದೇ ಪದೇ ಕಳಿಸುತ್ತಿದ್ದೀರಿ ಎಂದು ಅವರೇ ತಿರುಗಿ ಕೇಳಿದರು.

ರಾಜಬಿ ಕಪಾಟಿನಿಂದ ನನ್ನ ಚೀಟಿ ತೆಗೆದರು. "ನಾನ ಏನರ ತಪ್ಪ ಮಾಡೇನೋ ಏನೋ, ನೋಡ್ರಿ ಸಾಹೇಬ್ರ." ನನ್ನ 2.048ರ ಕೆಳಗೆ ಅವರ ದುಂಡು ಅಕ್ಷರದಲ್ಲಿ ಎಂಟರಿಂದ ಭಾಗಿಸಿ 0.256 ಎಂದು ಬರೆದಿತ್ತು.

"ಎಂಟರಿಂದ ಯಾಕ ಭಾಗಿಸೀರಿ?"

"ಮತ್ತೇನ್ರಿ? ಎರಡು ಪಾಯಿಂಟ್ ಸೊನ್ನೆ ನಾಲ್ಕು ಎಂಟು ಅಂದ್ರ ನಿಮ್ಮ ಫೋನಿನವರ ಒಂದು ಲೈನು, ಬಿಟ್ಟಿನ ಲೆಕ್ಕ. ಅಷ್ಟೂ ಗೊತ್ತಿಲ್ಲೇನು ನನಗ? ನಿಮಗ ಯಾಕ ತ್ರಾಸು ಅಂತ ನಾನ ಬೈಟಿಗೆ ತಿರುಗಿಸಿಕೊಂಡೆ."

"ನಾ ಮೊದಲ ತಿರುಗಿಸಿ ಕೊಟ್ಟಿದ್ನೆಲ್ರಿ! ಎಂಟು ಲೈನ್ ಅದಾವ ಮ್ಯಾಲ."

"ಯಾಕ ತಿರುಗಿಸಿದ್ರಿ?"

"ನಿಮಗ ಯಾಕ ತ್ರಾಸು ಅಂತ!"

ರಾಜಬಿ ನಗಲು ಶುರು ಮಾಡಿದರು, ಬಾಯಿಗೆ ಸೆರಗು ಇಟ್ಟುಕೊಂಡರೂ ತಡೆಯಲಾಗಲಿಲ್ಲ. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕು ಎಷ್ಟು ವರ್ಷವಾಗಿತ್ತೋ. ದಿನಕ್ಕೆ ಒಂದಲ್ಲ, ಮೂರು ಟೇಪು ಹೋಗುತ್ತವೆ. ಎಲ್ಲವೂ ಉಳಿಯುತ್ತವೆ!

ನಗು ನಿಂತ ಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ಮೇಜಿನ ಕೆಳಗೆ ಹೋದವು. ತೂತು ಬಿದ್ದ ಎರಡು ಟೇಪು ಅಲ್ಲಿದ್ದವು.

ಜುಲೈ 10, ಗುರುವಾರ

ಡಾಕ್ಟರಿಗೆ ಹೇಳಲು ಹೋದೆವು. ನಾನೊಬ್ಬನೇ ಹೋಗುತ್ತೇನೆಂದರೂ ರಾಜಬಿ ಬಿಡಲಿಲ್ಲ. ಡಾಕ್ಟರು ಮೊದಲು ಜೋರಾಗಿ ನಕ್ಕರು. "ಒಬ್ಬರಿಗೊಬ್ಬರು ಉಪಕಾರ ಮಾಡಾಕ ಹೋಗಿ ನನ್ನ ಆಸ್ಪತ್ರಿ ಮುಳುಗಸಾಕ ಹೊಂಟಿದ್ರೆಲ್ರಿ!" ಎರಡು ಟೇಪಿನ ವಿಷಯ ಕೇಳಿ ನಗು ನಿಲ್ಲಿಸಿದರು.

"ಒಗೀರಿ ಅಂದಾಕಿ ನಾನು. ನನ್ನದೂ ಪಾಲು ಐತಿ," ಅಂದರು.

ಅದು ಅವರ ದೊಡ್ಡತನ. ಇಲಾಖೆಯಲ್ಲಿ ಹೊಸಬರು ಅಳತೆ ಬರೆಯದೆ ಬರೀ ಅಂಕಿ ಬರೆದು ತಂದರೆ ಕಾಗದ ಹರಿದು ಕೈಗೆ ಕೊಡುತ್ತಿದ್ದವನು ನಾನು. ಬಿಟ್ಟೋ ಬೈಟೋ ಎಂದು ಒಂದು ಪದ ಬರೆದಿದ್ದರೆ ಸಾಕಿತ್ತು. ಲೆಕ್ಕದ ಸೊಗಸು ನೋಡುತ್ತ ನಿಂತು ಪದ ಬರೆಯಲು ಮರೆತೆ. ನಾಚಿಕೆಯಾಗುತ್ತಿದೆ.

ಜುಲೈ 17, ಗುರುವಾರ

ಒಂದು ವಾರದಿಂದ ಬರೆದಿಲ್ಲ, ಪುರಸೊತ್ತಿಲ್ಲ. ಹೊಸದರಿಂದ ಹಿಂದಕ್ಕೆ ಹೋಗುತ್ತಿದ್ದೇವೆ, 2014, 2013, ಹೀಗೆ. ಸಂಜೆಗೆ ಮೂರು ಟೇಪು ಲೆಕ್ಕಕ್ಕೆ ಸರಿ. ನಾನು ಒಂಬತ್ತಕ್ಕೇ ಹೋಗುತ್ತೇನೆ. ಲೈನು ತನ್ನಷ್ಟಕ್ಕೆ ನಡೆಯುತ್ತದೆ, ನಾನು ಅಲ್ಲಿ ಕೂರುವ ಅಗತ್ಯವೇನೂ ಇಲ್ಲ, ಆದರೂ ಯಾರಾದರೂ ಇದ್ದರೆ ಒಳ್ಳೆಯದು. ಬುತ್ತಿ ಕಟ್ಟಿಕೊಂಡು ಹೋಗುವುದನ್ನು ಬಿಟ್ಟಿದ್ದೇನೆ, ರಾಜಬಿ ಎರಡು ರೊಟ್ಟಿ ಜಾಸ್ತಿ ತರುತ್ತಾರೆ.

ಇವತ್ತು ಬಿರುಗಾಳಿ ಮಳೆ. ತಟ್ಟೆ ಸ್ವಲ್ಪ ತಿರುಗಿ ಎರಡು ಲೈನು ಬಿದ್ದವು. ಹಗ್ಗ ತೆಗೆದುಕೊಂಡು ಮಾಳಿಗೆ ಹತ್ತಿದೆ. ಕೆಳಗಿನಿಂದ ರಾಜಬಿ ಕೊಡೆ ಹಿಡಿದು ಒದರಿದರು: "ಇಳೀರಿ ಅಣ್ಣಾರ! ಎಂಟರಾಗ ಎರಡು ಹೋದ್ರ ಆರು ಉಳೀತಾವ. ನೀವು ಬಿದ್ರ ಇನ್ನೊಬ್ರನ್ನ ಎಲ್ಲಿಂದ ತರೂಣು?"

ಆರಕ್ಕೆ ಇಳಿಸಿದರೆ ಒಂದು ಟೇಪಿಗೆ ಮೂರೂವರೆ ಗಂಟೆಗಿಂತ ಹೆಚ್ಚು ಬೇಕೆಂದು ಮೇಲಿನಿಂದಲೇ ಲೆಕ್ಕ ಹೇಳಿದೆ. ಅಳತೆ ಸಮೇತ ಹೇಳಿದೆ. ಕಟ್ಟಿ ಇಳಿದು ಬಂದ ಮೇಲೆ ಬೈಗುಳ ಮತ್ತು ಶುಂಠಿ ಚಹಾ ಎರಡೂ ಸಿಕ್ಕವು.

ಜುಲೈ 22, ಮಂಗಳವಾರ

ಮಧ್ಯಾಹ್ನ ಮೂವತ್ಮೂರನೇ ಟೇಪು. 2006. ಕಳಿಸುವಾಗ ಪರದೆಯ ಮೇಲೆ ರೋಗಿಗಳ ಹೆಸರು ಓಡುತ್ತ ಹೋಗುತ್ತವೆ. ನಾನು ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಆದರೆ ಹೆಸರು ಕಂಡದ್ದು ರಾಜಬಿಯವರಿಗೆ.

"ನೀಲಕಂಠಪ್ಪ ಹಂಚಿನಮನಿ, ನಲವತ್ತೇಳು ವರ್ಷ, ಧಾರವಾಡ. ನೀವಲ್ಲೇನ್ರಿ ಇದು?"

ಹೌದು ಅಂದೆ. ಆಮೇಲೆ ಯಾಕೋ ಎಲ್ಲ ಹೇಳಿಬಿಟ್ಟೆ, ತಗ್ಗು, ಆಪರೇಷನ್, ರಸೀದಿ. ಅವರ ಮುಖ ಕೆಂಪಾಯಿತು.

"ಶಾಬು ತೂತು ಹೊಡಿಯೂವಾಗ ನೀವು ಇಲ್ಲೇ ಕುಂತು ಚಾ ಕುಡಿಯಾಕತ್ತಿದ್ರಿ. ಒಂದು ಮಾತು ಆಡಾಕ ಬರಲಿಲ್ಲೇನು?"

"ಸ್ವಂತದ್ದಕ್ಕ ಹೆಂಗ ಕೇಳ್ಲಿ ಅಕ್ಕಾರ?"

"ನಿಮ್ಮದು ಅಂತ ಕೇಳಿದ್ರ ನಿಮ್ಮದೊಂದ ಉಳೀತಿರಲಿಲ್ರಿ. ಆ ಟೇಪಿನ್ಯಾಗ ನಿಮ್ಮ ಹಿಂದ ಮುಂದ ಮುನ್ನೂರು ಮಂದಿ ಅದಾರ. ಕೇಳಿದ್ರ ನಾ ಡಾಕ್ಟರ ಹತ್ರ ಹೋಗ್ತಿದ್ದೆ, ಲೆಕ್ಕ ಮತ್ತ ನೋಡ್ತಿದ್ವಿ, ಆ ಎರಡೂ ಉಳೀತಿದ್ವು. ಸುಮ್ಮ ಕುಂತದ್ದು ದೊಡ್ಡಸ್ತನ ಅನ್ಕೊಂಡೀರೇನು?"

ಅವರ ಮಾತನ್ನು ಇದ್ದಂತೆಯೇ ಇಲ್ಲಿ ಬರೆದಿಟ್ಟಿದ್ದೇನೆ.

ಜುಲೈ 23, ಬುಧವಾರ

ಡಾ. ಉಮಾಶ್ರೀ ಎರಡು ಚಿತ್ರ ಪಕ್ಕಪಕ್ಕ ಇಟ್ಟು, ಅಳೆದು, ಮತ್ತೆ ಅಳೆದರು. ನಾನು ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದೆ.

"ಹತ್ತೊಂಬತ್ತು ವರ್ಷದಾಗ ಕೂದಲೆಳಿಯಷ್ಟೂ ಬೆಳದಿಲ್ರಿ. ನಿಮ್ಮ ಕಣ್ಣು ಹುಟ್ಟಾ ಹಿಂಗ. ಆಪರೇಷನ್ ಬ್ಯಾಡ, ಏನೂ ಬ್ಯಾಡ. ವರ್ಷಕ್ಕೊಮ್ಮೆ ತೋರಿಸಿ ಹೋಗ್ರಿ."

ಹೊರಗೆ ಬಂದರೆ ರಾಜಬಿ ಬಾಗಿಲ ಪಕ್ಕದಲ್ಲೇ ನಿಂತಿದ್ದರು, ಕೈಯಲ್ಲಿ ಕಪಾಟಿನ ಬೀಗದ ಕೈ. ಕೀಲಿ ಕೊಡಾಕ ಬಂದಿದ್ದೆ ಅಂದರು. ಆ ಕೀಲಿ ಯಾರಿಗೂ ಬೇಕಿರಲಿಲ್ಲ. ನಾನು ಇವತ್ತು ಸಿಕ್ಕವರಿಗೆಲ್ಲ ಪೇಢೆ ಹಂಚಿದೆ. ಎಷ್ಟು ಖುಷಿಯಾಗಿದೆ ಎಂದರೆ ಈ ಪುಟವನ್ನು ಕನ್ನಡಕ ಹಾಕಿಕೊಂಡು ಆರಾಮಾಗಿ ಬರೆಯುತ್ತಿದ್ದೇನೆ.

ಜುಲೈ 26, ಶನಿವಾರ

ನಲವತ್ತಾರೂ ಹೋದವು. ಕೊನೆಯದು ಹೊರಗೆ ಬಂದಾಗ ರಾಜಬಿ ಮಷೀನಿಗೆ ಕೈ ಮುಗಿದರು. ಡಾಕ್ಟರು ಆಗಲೇ ಹಳೇ ಚಿತ್ರ ನೋಡಿ ಒಂಬತ್ತು ಜನರನ್ನು ಬೇಗ ಬರಲು ಹೇಳಿದ್ದಾರೆ. ಅದರಲ್ಲಿ ಇಬ್ಬರ ಕಣ್ಣು ಇನ್ನು ಆರು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತಂತೆ.

ಆ ಮಾತು ಕೇಳಿದಾಗಿನಿಂದ ತೂತು ಬಿದ್ದ ಎರಡು ಟೇಪು ತಲೆಯಲ್ಲಿ ಕೂತಿವೆ. ಅದರಲ್ಲೂ ಅಂಥವರು ಇರುತ್ತಾರಲ್ಲ. 2003ರಲ್ಲಿ ಚಿತ್ರ ತೆಗೆದ ದಿನ ಹೆಸರು, ಫೋನ್ ನಂಬರು ಬರೆದ ಕಾಗದದ ರಿಜಿಸ್ಟರು ಸಿಗುತ್ತದೆಯೇ ಎಂದು ಕೇಳಿದೆ. ರಾಜಬಿ ಒಳಗೆ ಹೋಗಿ ತಂದು ಮೇಜಿನ ಮೇಲಿಟ್ಟರು. ಮೊದಲ ಆರು ತಿಂಗಳು, ಆರುನೂರಾ ಹನ್ನೆರಡು ಜನ.

ಜುಲೈ 28, ಸೋಮವಾರ

ಬೆಳಿಗ್ಗೆ ಖಾಲಿ ಕೋಣೆಯಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂತೆವು. ರಾಜಬಿ ನಂಬರು ಓದುವುದು, ನಾನು ಫೋನ್ ಮಾಡುವುದು. 2003ರ ನಂಬರುಗಳು, ಬಹುಪಾಲು ಲ್ಯಾಂಡ್‌ಲೈನು, ಈಗ ಸತ್ತಿರುತ್ತವೆ. ಆದರೆ ಯಾವ ನಂಬರು ಯಾವ ಓಣಿಯದು, ಅದರ ಪಕ್ಕದ ಮನೆಯಲ್ಲಿ, ಅಂಗಡಿಯಲ್ಲಿ ಯಾವ ನಂಬರಿತ್ತು ಎಂಬುದು ಈ ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಮೊದಲ ಹೆಸರು ಸಾವಕ್ಕ, ಗರಗ. ಅವರ ನಂಬರು ಸತ್ತಿತ್ತು. ಅದೇ ಓಣಿಯ ಕಿರಾಣಿ ಅಂಗಡಿಯದು ನಡೆಯುತ್ತಿತ್ತು, ಅಂಗಡಿಯವರು ಅವರ ಮೊಬೈಲ್ ನಂಬರು ಕೊಟ್ಟರು.

"ಯಾರು?" ಗಟ್ಟಿ ದನಿ.

"ಕಣ್ಣಿನ ಆಸ್ಪತ್ರಿಯಿಂದ ಮಾತಾಡಾಕತ್ತೇನ್ರಿ. 2003ರಾಗ ನಿಮ್ಮ ಕಣ್ಣಿನ ಫೋಟೋ ತಗದಿದ್ವಿ..."

"ಓಟಿಪಿ ಕೇಳಾವನ ನೀನು? ಹೋದ ವಾರನೂ ಒಬ್ಬ ಮಾಡಿದ್ದ. ಇಡು ಫೋನ!"

ಇಟ್ಟುಬಿಟ್ಟರು. ರಾಜಬಿ ನಗು ತಡೆದುಕೊಂಡು ಮತ್ತೆ ಮಾಡಿರಿ ಎಂದು ಸನ್ನೆ ಮಾಡಿದರು. ಮತ್ತೆ ಮಾಡಿದೆ. ಈ ಸಲ ಉಸಿರು ತೆಗೆದುಕೊಳ್ಳದೆ ಹೇಳಿದೆ.

"ಏನೂ ಕೇಳೂದಿಲ್ರಿ ಯವ್ವಾ, ಒಂದು ತಪ್ಪು ಹೇಳಾಕ ಮಾಡೇನಿ. ನಿಮ್ಮ ಕಣ್ಣಿನ ಫೋಟೋ ನಮ್ಮ ಹತ್ರ ಇತ್ತು. ನಾ ಒಂದು ಲೆಕ್ಕ ಅರ್ಧಾ ಬರದು ಕೊಟ್ಟೆ, ಅದಕ್ಕ ಅದು ಹಾಳಾತು. ತಪ್ಪು ನಂದು. ನನ್ನ ಹೆಸರು ನೀಲಕಂಠಪ್ಪ. ನೀವು ಒಮ್ಮೆ ಬಂದ್ರ ಹೊಸಾದು ತಗದು, ಡಾಕ್ಟರು ಕಣ್ಣು ನೋಡ್ತಾರ."

ಮತ್ತೆ ಇಡುತ್ತಾರೇನೋ ಅಂದುಕೊಂಡೆ.

"ಇಪ್ಪತ್ತೆರಡು ವರ್ಷದ ಹಿಂದಿನ ಫೋಟೋ ಹೋತು ಅಂತ ಫೋನ್ ಮಾಡಿಯೇನಪಾ?" ದನಿ ಮೆತ್ತಗಾಗಿತ್ತು. "ಫೋಟೋ ಹೋದ್ರ ಹೋಗ್ಲಿ ತಗೋ. ಕಣ್ಣು ಐತೆಲ್ಲ. ಒಂದೀಟು ಮಂಜಾಗೇತಿ, ಯಾರ ಮುಂದ ಹೇಳೂದು ಅಂತ ಸುಮ್ಮನಿದ್ದೆ. ಯಾವತ್ತ ಬರ್ಲಿ?"

ಬರುವ ಸೋಮವಾರ, ಹುಬ್ಬಳ್ಳಿಯ ಹೊಸ ಕಟ್ಟಡ, ಹತ್ತು ಗಂಟೆ ಎಂದು ಹೇಳಿ, ಹೇಳಿದ್ದನ್ನು ಪೂರ್ತಿ ಬರೆದುಕೊಂಡೆ.

"ನನಗ ಅಲ್ಲಿ ಯಾರೂ ಗುರ್ತಿಲ್ಲಪಾ. ನೀ ಇರ್ತೀಯೇನು?"

ನನ್ನ ಕೆಲಸ ಗುರುವಾರಕ್ಕೆ ಮುಗಿಯುತ್ತದೆ. "ಇರ್ತೇನ್ರಿ ಯವ್ವಾ, ಬಾಗಲದಾಗ ನಿಂತಿರ್ತೇನಿ," ಅಂದೆ. ಫೋನ್ ಇಡುವಷ್ಟರಲ್ಲಿ ರಾಜಬಿ ಎರಡನೇ ನಂಬರು ಓದಲು ಶುರು ಮಾಡಿದ್ದರು.